ಕರಡಿ ಟೊಪ್ಪಿಯವರ ಸರದಿ

ಆ ವರ್ಷ ನೀಲಿಯವರ ದಂಡು ನಡೆಸುವ ಚೀಟಿ ನನ್ನ ಹೆಸರಿಗೆ ಬಂತು. ಕೆಂಪಿನವರ ಚೀಟಿ ಇಮಾಂಬಿಗೆ. ಚೀಟಿ ಎತ್ತಿದ, ಆಟದ ಅಳತೆ ನ್ಯಾಯ ನೋಡುವ ಮುದ್ದಪ್ಪ ನನ್ನ ಮುಖ ನೋಡಿ, "ಬೋರಲಿಂಗ, ನಿಂಗೆ ಈ ಸಲ ಬ್ಯಾಡವಾಗಿತ್ತು ಕಣಪ್ಪ," ಅಂದ. ಬೇಡವಾಗಿತ್ತು ಅನ್ನುವುದು ನನಗೂ ಗೊತ್ತಿತ್ತು. ಆದರೆ ಬಂದ ಚೀಟಿಯನ್ನು ಹಿಂದಕ್ಕೆ ಹಾಕುವ ಪದ್ಧತಿ ನಮ್ಮೂರಲ್ಲಿಲ್ಲ.

ವಾಟರ್ಲೂ ಕಾಳಗವನ್ನು ನಾವು ರಾಗಿ ಬಡಿದು ಹಗೇವಿಗೆ ತುಂಬಿದ ಮೇಲೆ ಆಡುತ್ತೇವೆ. ಛತ್ರದ ಪಡಸಾಲೆಯಲ್ಲಿ ಉದ್ದನೆಯ ಹಲಗೆಗಳನ್ನು ಜೋಡಿಸಿ, ಮೇಲೆ ಹಸಿರು ಬಣ್ಣದಲ್ಲಿ ಅದ್ದಿದ ಗೋಣಿತಾಟು ಹರಡುತ್ತೇವೆ. ಉತ್ತರದ ಕಡೆ ತಾಟಿನ ಕೆಳಗೆ ಮಡಚಿದ ಚೀಲಗಳನ್ನು ತುರುಕಿದರೆ ಅದೇ ದಿಬ್ಬ. ದಿಬ್ಬದ ಮೇಲೆ ಕೆಂಪಿನವರು, ಎದುರು ತಗ್ಗಿನಲ್ಲಿ ನೀಲಿಯವರು, ನಡುವೆ ಜೇಡಿಮಣ್ಣಿನಲ್ಲಿ ಮಾಡಿದ ಒಂದೆರಡು ತೋಟದ ಮನೆಗಳು. ಆ ಕಾಳಗದ ಹಿಂದಿನ ರಾತ್ರಿ ಮಳೆ ಹುಯ್ದಿತ್ತಂತೆ, ಅದಕ್ಕೆ ತಾಟಿನ ಮೇಲೆ ನೀರು ಚಿಮುಕಿಸುತ್ತಾರೆ. ಅದು ಒಣಗುವ ತನಕ ಕುದುರೆಗೂ ಫಿರಂಗಿಗೂ ಅರ್ಧ ಅಳತೆಯ ನಡಿಗೆ. ಸಿಪಾಯಿಗಳೆಲ್ಲ ಸೀಸದವು, ಬೆರಳಿನ ಎರಡು ಗೆಣ್ಣಿನಷ್ಟು ಎತ್ತರ. ಮೇಲಿನ ಬೀದಿಯವರಿಗೆ ನೀಲಿ ಸಿಪಾಯಿ, ಕೆಳಗಿನ ಬೀದಿಯವರಿಗೆ ಕೆಂಪು, ಕಾಲುವೆಯಾಚೆ ಮನೆ ಕಟ್ಟಿಕೊಂಡವರಿಗೆ ಕಪ್ಪಂಗಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೂ ಒಂದೊಂದು ಉಂಟು. ಸಿಪಾಯಿಯ ಪಾದದ ಕೆಳಗೆ ಅವರವರ ಹೆಸರು ಕೊರೆದಿರುತ್ತದೆ. ನೆಪೋಲಿಯನ್ ದೊರೆಯ ಬಿಳಿಕುದುರೆ ಗೊಂಬೆ ಒಂದೇ ಯಾರ ಹೆಸರಿನಲ್ಲೂ ಇಲ್ಲ. ದಂಡು ನಡೆಸುವ ಇಬ್ಬರ ಸಿಪಾಯಿಗಳು ಆ ವರ್ಷ ಪೆಟ್ಟಿಗೆಯಲ್ಲೇ ಇರುತ್ತವೆ.

ಹಲಗೆಯ ಮೇಲೆ ಯಾರ ಸಿಪಾಯಿ ಬೀಳುತ್ತದೋ ಅವರು ಇದ್ದಲ್ಲೇ ಕೂತುಬಿಡುತ್ತಾರೆ. ಬೇಕೆಂದು ಕೂರುವುದಲ್ಲ, ಕಾಲು ತಾನಾಗಿ ಮಡಚಿಕೊಳ್ಳುತ್ತದೆ. ಕಾಳಗ ಮುಗಿದು, ಸೋತ ಕಡೆಯ ದಂಡು ನಡೆಸಿದವನು ಬಿದ್ದ ಸಿಪಾಯಿಗಳನ್ನು ಬಿದ್ದ ಸರದಿಯಲ್ಲೇ ಒಂದೊಂದಾಗಿ ಎತ್ತಿ ನಿಲ್ಲಿಸುವ ತನಕ ಏಳುವುದಕ್ಕಾಗುವುದಿಲ್ಲ. ಹಾಗಾಗಿ ಕಾಳಗದ ದಿನ ಯಾರೂ ತೆಂಗಿನ ಮರ ಹತ್ತುವುದಿಲ್ಲ, ಒಲೆಯ ಮೇಲೆ ಎಣ್ಣೆ ಬಾಣಲೆ ಇಡುವುದಿಲ್ಲ, ಬಾವಿಕಟ್ಟೆಯ ಹತ್ತಿರ ಸುಳಿಯುವುದಿಲ್ಲ. ಕ್ಷೌರದ ಅಂಗಡಿ ಮುಚ್ಚಿರುತ್ತದೆ. ಪುಟ್ಟ ಮಣೆಯೊಂದನ್ನು ಹಗ್ಗ ಹಾಕಿ ಸೊಂಟದ ಹಿಂದೆ ನೇತುಹಾಕಿಕೊಂಡು ಓಡಾಡುತ್ತೇವೆ, ಕಲ್ಲಿನ ಮೇಲೋ ಕೆಸರಿನಲ್ಲೋ ಕೂರುವುದು ತಪ್ಪಲಿ ಅಂತ. ಬಸ್ಸಿನ ಡ್ರೈವರ್ ಬೇರೆ ಊರಿನವನು. ಆದರೂ ಅವತ್ತು ಊರೊಳಗೆ ಹಾರ್ನ್ ಒತ್ತುತ್ತಾ ನಡಿಗೆಯ ವೇಗದಲ್ಲಿ ಬರುತ್ತಾನೆ, ರಸ್ತೆಯ ನಡುವೆ ಯಾರಾದರೂ ಕೂತಿರಬಹುದಲ್ಲ. ಕೂತವರು ಎಲ್ಲರಿಗೂ ಕೇಳುವ ಹಾಗೆ "ಕೂತೆ!" ಎಂದು ಕೂಗಬೇಕು. ನಿಂತಿರುವವರು ಬಂದು ಮಣೆ ಸರಿಮಾಡಿ, ನೆರಳಿಗೆ ಎತ್ತಿಕೊಂಡು ಹೋಗಿ, ಬೀಸುವುದೋ ಬಿಡಿಸುವುದೋ ಕೂತು ಮಾಡುವ ಕೆಲಸ ಕೈಗೆ ಕೊಟ್ಟು ಹೋಗುತ್ತಾರೆ. ಒಂದು ದಿನದ ಮಾತು. ಸಂಜೆಗೆ ಎಲ್ಲ ಮುಗಿದಿರುತ್ತದೆ.

ಸಂಜೆಗೆ ಮುಗಿಯುವುದು ಕರಡಿ ಟೊಪ್ಪಿಯವರಿಂದ. ಮೇಲಿನ ಬೀದಿಯಲ್ಲಿ ಅರವತ್ತು ದಾಟಿದವರ ಸಿಪಾಯಿಗಳಿಗೆಲ್ಲ ಕರಡಿ ತುಪ್ಪಳದ ಎತ್ತರದ ಟೊಪ್ಪಿ ಇರುತ್ತದೆ. ಅವರನ್ನು ಬೆಳಗಿನಿಂದ ದೊರೆಯ ಹಿಂದೆ ಸುಮ್ಮನೆ ನಿಲ್ಲಿಸಿ, ಕೊನೆಗೆ ದಿಬ್ಬ ಹತ್ತಿಸುತ್ತಾರೆ. ಅವರು ಗೆದ್ದರೂ ಸರಿ, ಬಿದ್ದರೂ ಸರಿ, ಅಲ್ಲಿಗೆ ಮುದ್ದಪ್ಪ ಅಳತೆಕೋಲನ್ನು ಹಲಗೆಗೆ ಬಡಿಯುತ್ತಾನೆ, ಕಾಳಗ ಮುಗಿಯಿತು. ಅವರು ಹೊರಡದೆ ಮುಗಿಯುವ ಹಾಗಿಲ್ಲ. ನಡುವೆ ಶರಣು ಹೋಗುತ್ತೇನೆ ಅನ್ನುವುದಕ್ಕೂ ಅವಕಾಶವಿಲ್ಲ.

ನಮ್ಮವ್ವ ದ್ಯಾವೀರಮ್ಮ ಕರಡಿ ಟೊಪ್ಪಿಯವಳು. ಹಿಂದಿನ ವರ್ಷ ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದಳು. ಮಳೆಗಾಲವೆಲ್ಲ ಮಂಚದ ಮೇಲೇ ಕಳೆದು, ಆಮೇಲೆ ಗೋಡೆ ಹಿಡಿದು ನಿಂತು, ಈಗೀಗ ಕೋಲೂರಿಕೊಂಡು ಕೊಟ್ಟಿಗೆಯವರೆಗೆ ನಡೆಯುತ್ತಿದ್ದಳು. ಮೂಳೆ ಕಟ್ಟಿದ ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದ್ದರು: "ನಡೆಸಿ, ಮಲಗಿಸಿ. ಕೂರಿಸೋದಾದ್ರೆ ಎತ್ತರದ ಕುರ್ಚಿ. ಕಾಲು ಮಡಚಿ ಒಂದು ಸಲ ನೆಲ ಹಿಡಿದ್ರು ಅಂದ್ರೆ ಆಮೇಲೆ ನನ್ನ ಹತ್ರ ಬರಬೇಡಿ." ಬಿದ್ದ ಸಿಪಾಯಿ ಮನುಷ್ಯರನ್ನು ಕೂರಿಸುವುದು ಕಾಲು ಮಡಚಿಯೇ. ಕುರ್ಚಿಯ ಮೇಲಿದ್ದರೂ ಕಾಲು ಮೇಲಕ್ಕೆ ಮಡಚಿ ಬರುತ್ತದೆ. ಸಿಪಾಯಿ ಎತ್ತಿದ ಮೇಲೆ ಎಲ್ಲರೂ ಏಳುತ್ತಾರೆ ಅನ್ನುವುದೂ ಇಲ್ಲ. ಚೆನ್ನಬಸವಯ್ಯ ಅಂತ ಒಬ್ಬರಿದ್ದರು. ಒಂದು ವರ್ಷ ಅವರ ಸಿಪಾಯಿ ಎತ್ತಿ ನಿಲ್ಲಿಸಿದ ಮೇಲೂ, "ನಂದು ಎತ್ತಿದ್ರಾ? ಸರಿಯಾಗಿ ನೋಡಿ," ಅಂತ ಕೇಳುತ್ತಾ ಜಗಲಿಯ ಮೇಲೇ ಉಳಿದರು. ಮತ್ತೆ ನಡೆಯಲಿಲ್ಲ.

ಹಾಸಿಗೆ ಹಿಡಿದವರ ಸಿಪಾಯಿಯನ್ನು ಪೆಟ್ಟಿಗೆಯಲ್ಲೇ ಬಿಡಬಹುದು. ಹೋದ ವರ್ಷ ಅವ್ವನದು ಪೆಟ್ಟಿಗೆಯಲ್ಲಿತ್ತು. ಈ ವರ್ಷವೂ ಬಿಡೋಣ ಅಂತ ನಾನಿದ್ದೆ. ಆದರೆ ಸಿಪಾಯಿಗಳಿಗೆ ಬಣ್ಣ ಹಚ್ಚುವ ದಿನ ಅವ್ವ ನನ್ನ ಹೆಂಡತಿ ಚಿಕ್ಕತಾಯಿಯಿಂದ ಪೆಟ್ಟಿಗೆ ತರಿಸಿಕೊಂಡು, ತನ್ನದಕ್ಕೆ ತಾನೇ ಬಣ್ಣ ಹಚ್ಚಿ, ಮುದ್ದಪ್ಪನಿಗೆ ಹೇಳಿ ಕಳಿಸಿದಳು. ಅವನು ಬಂದ. ಅವ್ವ ಅವನ ಎದುರಿಗೆ ಕೊಟ್ಟಿಗೆಯವರೆಗೆ ಹೋಗಿ, ಎಮ್ಮೆಯ ಬೆನ್ನು ತಟ್ಟಿ ವಾಪಸು ಬಂದಳು.

"ಇದು ಹಾಸಿಗೆ ಹಿಡಿದೋರ ನಡಿಗೆಯೇನಪ್ಪ?" ಅಂದಳು.

"ಅಲ್ಲವ್ವ," ಅಂದ ಮುದ್ದಪ್ಪ. ಅಂದ ಮೇಲೆ ಅವನೂ ಏನೂ ಮಾಡುವ ಹಾಗಿರಲಿಲ್ಲ. ಮುಂದಿನ ಸಾಲಿನ ನಡುವೆಯೇ ನಿಲ್ಲಿಸಬೇಕು ಅಂತಲೂ ಹೇಳಿ ಕಳಿಸಿದಳು. ಚೀಟಿ ಎತ್ತಿದ್ದು ಇದೆಲ್ಲ ಆದ ಮೇಲೆ.

ಮೊದಲ ದಿನ ಎಲ್ಲ ವರ್ಷಗಳ ಹಾಗೇ ನಡೆಯಿತು. ನಾನು ಎಡಗಡೆಯ ತೋಟದ ಮನೆಯ ಮೇಲೆ ಒಂದು ತುಕಡಿ ಕಳಿಸಿದೆ, ಇಮಾಂಬಿ ಗೋಡೆಯ ಹಿಂದಿನಿಂದ ಗುಂಡು ಹಾರಿಸಿದಳು. ಗುಂಡು ಅಂದರೆ ದಾಳ. ಬಿದ್ದ ಸಿಪಾಯಿಗಳ ಪಾದ ತಿರುಗಿಸಿ ಮುದ್ದಪ್ಪ ಹೆಸರು ಓದುತ್ತಿದ್ದ ಹಾಗೆ ಬೀದಿಯ ಆ ಕಡೆ ಈ ಕಡೆಯಿಂದ "ಕೂತೆ! ಕೂತೆ!" ಅಂತ ಕೂಗು ಬರುತ್ತಿತ್ತು. ಇಮಾಂಬಿ ಕೆಳಗಿನ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಬಟ್ಟಲು ಇಟ್ಟವಳು. ಬಿಸಿನೀರಿನಲ್ಲಿ ಕೈಯಾಡಿಸಿ ಅವಳ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಕ್ಕಾಗಿವೆ. ಆ ಬೆರಳಲ್ಲಿ ದಾಳ ಹಿಡಿದು, ಎಸೆಯುವ ಮುಂಚೆ ಏನಾದರೊಂದು ಅನ್ನದೆ ಇರುವವಳಲ್ಲ.

"ಬೋರಣ್ಣ, ನಿನ್ನ ಕುದುರೆಯೋರು ಎಮ್ಮೆ ಮೇಯಿಸೋಕೆ ಬಂದೋರ ಥರ ನಿಂತವ್ರೆ. ದಿಬ್ಬದ ಮೇಲೆ ಹುಲ್ಲಿಲ್ಲ ಕಣೋ."

"ಬರ್ತಾರೆ ತಡಿ, ನೆಲ ಒಣಗ್ಲಿ."

"ನೆಲ ಒಣಗೋಷ್ಟರಲ್ಲಿ ನನ್ನ ಬಾಯೇ ಒಣಗ್ತದೆ."

ಮಧ್ಯಾಹ್ನದ ಹೊತ್ತಿಗೆ ಕುದುರೆಯವರನ್ನೂ ಕಳಿಸಿದೆ. ಬಂದ ಹಾಗೆ ಬಿದ್ದರು. ನಮ್ಮ ಪಕ್ಕದ ಮನೆಯ ರಾಚಪ್ಪ ಕೂತ. ಅವನ ಹೆಂಡತಿ ಸಣ್ಣಕ್ಕ ಅವನಿಗೆ ಮಣೆ ತರಲು ಹೋಗಿ ಹೊಸಲಿನ ಮೇಲೆ ತಾನೂ ಕೂತಳು. ಗಂಡ ಹೆಂಡತಿ ಒಂದೇ ಸಾಲಿನಲ್ಲಿದ್ದರು. ಬಿಸಿಲು ಇಳಿಯಿತು. ಕರಡಿ ಟೊಪ್ಪಿಯವರನ್ನು ಕಳಿಸುವ ಹೊತ್ತು. ಪಡಸಾಲೆಯಲ್ಲಿ ನಿಂತು ನೋಡುತ್ತಿದ್ದವರು ಹಲಗೆಯ ಹತ್ತಿರಕ್ಕೆ ಬಂದರು. ಅವ್ವನ ಸಿಪಾಯಿ ಮುಂದಿನ ಸಾಲಿನಲ್ಲಿ, ಹೊಸ ಬಣ್ಣದಲ್ಲಿ, ಮಿಕ್ಕೆಲ್ಲರಿಗಿಂತ ಹೊಳೆಯುತ್ತಿತ್ತು. ನನ್ನ ಕೈ ಅದರ ಹತ್ತಿರಕ್ಕೆ ಹೋಗಿ ಪಕ್ಕದ ಫಿರಂಗಿಯನ್ನು ಮುಟ್ಟಿ ಸುಮ್ಮನಾಯಿತು.

"ಬೆಳಕು ಸಾಲದು. ನಾಳೆ ನೋಡೋಣ," ಅಂದೆ.

ಮುದ್ದಪ್ಪ ಬಾಗಿಲಾಚೆ ನೋಡಿದ. ಇನ್ನೂ ಬೇಕಾದಷ್ಟು ಬೆಳಕಿತ್ತು. ಆದರೆ ದಂಡು ನಡೆಸುವವನು ಸಾಲದು ಅಂದರೆ ಸಾಲದು. ಅವನು ಹಲಗೆಯ ಮೇಲೆ ಪಂಚೆ ಹೊದಿಸಿದ. ಇಮಾಂಬಿ ದಾಳವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ಕೂತವರು ಕೂತೇ ಇದ್ದರು. ಊರಿಗೆ ಅದು ಹೊಸದು. ನಿಂತಿದ್ದವರು ಒಬ್ಬೊಬ್ಬರನ್ನೇ ಹೊತ್ತು ಒಳಗೆ ಮಲಗಿಸುವ ಹಾಗೆ ಒರಗಿಸಿ, ಗಂಜಿ ಕಾಯಿಸಿ ಕೊಟ್ಟು, ಬಹಿರ್ದೆಸೆಗೂ ಏನೋ ಒಂದು ವ್ಯವಸ್ಥೆ ಮಾಡಿದರು. ನಾನು ರಾಚಪ್ಪನ ಮನೆಗೆ ಹೋದೆ. ಅವನ ಹುಳುಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಕಾಳಗದ ಹೊತ್ತಿಗೆ ಗೂಡು ಕಟ್ಟಿ ಆಗಿರಲಿ ಅಂತ ಎಲ್ಲರೂ ಲೆಕ್ಕ ಹಾಕಿ ಮೊಟ್ಟೆ ತರುತ್ತಾರೆ. ಅವನೂ ಹಾಗೇ ತಂದಿದ್ದ, ಚಳಿಗೆ ಹುಳು ನಿಧಾನವಾಗಿತ್ತು. ಜ್ವರ ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮಳೆ ಹೊಯ್ದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತವೆ. ಒಂದು ದಿನ ತಪ್ಪಿದರೆ ಬೆಳೆ ಅರ್ಧ, ಎರಡು ದಿನ ತಪ್ಪಿದರೆ ತಿಪ್ಪೆಗೆ. ಚಿಕ್ಕತಾಯಿ ಕತ್ತಲಾಗುವ ಮುಂಚೆ ತೋಟದಿಂದ ಹೊರೆ ಸೊಪ್ಪು ತಂದು ತಟ್ಟೆಗಳಿಗೆ ಹರಡುತ್ತಿದ್ದಳು. ರಾಚಪ್ಪ ಬಾಗಿಲಲ್ಲಿ ಕೂತು, "ಆ ಮೇಲಿನ ತಟ್ಟೆಗೆ ಸ್ವಲ್ಪ ಜಾಸ್ತಿ ಹಾಕವ್ವ, ಅವು ಬಡವು," ಅಂತ ಹೇಳುತ್ತಿದ್ದ. ನನ್ನನ್ನು ನೋಡಿ, "ನಾಳೆ ಬೆಳಿಗ್ಗೆ ಮುಗೀತದಲ್ವಾ?" ಅಂದ.

"ಮುಗೀತದೆ."

"ನಿಂಗೂ ಕಷ್ಟ ಬಿಡು," ಅಂದ. ಮನೆಗೆ ಬರುವಾಗ ಚಿಕ್ಕತಾಯಿ, "ನಾಳೆ ನನ್ನದೂ ಬಿದ್ರೆ ಸೊಪ್ಪು ಕೊಯ್ಯೋರು ಯಾರು?" ಅಂದಳು. ಅವ್ವ ಮಂಚದ ಮೇಲಿದ್ದಳು. "ಏನ್ಲಾ, ನಮ್ಮ ಸರದಿ ಬರ್ಲಿಲ್ವಾ?" ಅಂದಳು. "ಇಲ್ಲವ್ವ, ಹೊತ್ತಾಗೋಯ್ತು," ಅಂದೆ.

ಎರಡನೇ ದಿನ ಬೆಳಿಗ್ಗೆ ತಾಟು ಇನ್ನೂ ಒದ್ದೆಯಾಗಿದೆ ಅಂದೆ. ಮುದ್ದಪ್ಪ ಅಂಗೈ ಒತ್ತಿ ನೋಡಿ, ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನೋಡಿ, "ನನ್ನ ಕೆನ್ನೆಗಿಂತ ಒಣಗೈತೆ," ಅಂದ. ಆದರೂ ಕಾದ. ಬಿಸಿಲೇರಿದ ಮೇಲೆ ಬಲಗಡೆಯ ಅಂಚಿನಿಂದ ಕಾಲುವೆಯಾಚೆಯವರ ಕಪ್ಪಂಗಿಗಳು ಹಲಗೆಯ ಮೇಲಕ್ಕೆ ಬಂದವು. ಆ ಕಾಳಗದಲ್ಲೂ ಅವರು ತಡವಾಗಿ ಬಂದು ಕೆಂಪಿನವರ ಜೊತೆ ಸೇರಿಕೊಂಡರಂತೆ. ಅವರನ್ನು ತಡೆಯಲು ನನ್ನ ಹತ್ತಿರ ಉಳಿದಿದ್ದೇ ಒಂದು ಸಣ್ಣ ತುಕಡಿ, ಅದರಲ್ಲಿ ಚಿಕ್ಕತಾಯಿಯ ಸಿಪಾಯಿಯೂ ಇತ್ತು. ಕರಡಿ ಟೊಪ್ಪಿಯವರನ್ನು ಕಳಿಸಬಹುದಿತ್ತು. ನಾನು ಸಣ್ಣ ತುಕಡಿಯನ್ನೇ ಕಳಿಸಿದೆ. ಕಪ್ಪಂಗಿಯವರ ದಾಳವನ್ನೂ ಇಮಾಂಬಿಯೇ ಎಸೆದಳು. ಮುದ್ದಪ್ಪ ಹೆಸರು ಓದಿದ. "ಚಿಕ್ಕತಾಯಮ್ಮ." ಊರಾಚೆ ಹಿಪ್ಪುನೇರಳೆ ತೋಟದ ಕಡೆಯಿಂದ ಬಲು ದೂರದ ಒಂದು ಕೂಗು ಬಂತು.

ಅಲ್ಲಿಗೆ ನೀರು ಕೊಟ್ಟು ಬಂದ ಕರಡಿ ಟೊಪ್ಪಿಯ ಮುದುಕರೊಬ್ಬರು ಹೇಳಿದರು. ಅವಳು ಗಿಡಗಳ ನಡುವೆ ಕುಡುಗೋಲು ಹಿಡಿದು ಕೂತಿದ್ದಾಳೆ, ಕೈಗೆ ಎಟುಕುವಷ್ಟು ಸೊಪ್ಪು ಸುತ್ತ ಕೊಯ್ದುಕೊಂಡಿದ್ದಾಳೆ, ಗೂಟಕ್ಕೆ ಕಟ್ಟಿದ ಕರು ಮೇಯ್ದ ಹಾಗೆ ಸುತ್ತಲೂ ಬೋಳಾಗಿದೆ. ಕೊಯ್ದ ಸೊಪ್ಪನ್ನು ಹೊತ್ತು ತರುವುದಕ್ಕೆ ಮೇಲಿನ ಬೀದಿಯಲ್ಲಿ ಯಾರೂ ನಿಂತಿರಲಿಲ್ಲ, ಕೆಳಗಿನ ಬೀದಿಯವರಿಗೆ ತಮ್ಮಲ್ಲಿ ಕೂತವರ ಚಾಕರಿಯೇ ಮುಗಿಯುತ್ತಿರಲಿಲ್ಲ. ಕರಡಿ ಟೊಪ್ಪಿಯ ಮುದುಕರು ಮುದುಕಿಯರು ಮಾತ್ರ ನಿಂತಿದ್ದರು. ಅವರು ಕೈಲಾದಷ್ಟು ನೀರು ಹೊತ್ತು, ಕೂತವರಿಗೆ ಕುಡಿಸುತ್ತಾ ಓಡಾಡಿಕೊಂಡಿದ್ದರು.

"ಬೋರಣ್ಣ," ಅಂದಳು ಇಮಾಂಬಿ. ಕೀಟಲೆಯ ದನಿಯಲ್ಲ. "ನಂಗೂ ಒಬ್ಳು ಅಮ್ಮ ಇದ್ಲು ಕಣೋ. ಗೊತ್ತಾಗ್ತದೆ. ಆದ್ರೆ ಹೀಗೆ ಎಷ್ಟು ದಿನ?"

ದೊರೆಯ ಬಿಳಿಕುದುರೆಯನ್ನು ಸ್ವಲ್ಪ ಈ ಕಡೆ ಸರಿಸಿದೆ. ಮತ್ತೆ ಆ ಕಡೆ ಸರಿಸಿದೆ.

ಆಗ ಬೀದಿಯಲ್ಲಿ ಮಾತು ಶುರುವಾಯಿತು. ದೂರದ ಜಗಲಿಯಿಂದ ಒಂದು ದನಿ, ಆಮೇಲೆ ಅದರ ಪಕ್ಕದ ಜಗಲಿಯಿಂದ.

"ಯಾರದು ಕೋಲು ಊರ್ಕೊಂಡು ಬರ್ತಿರೋದು?"

"ದ್ಯಾವೀರವ್ವ ಕಣೇ!"

"ಏ ದ್ಯಾವೀರವ್ವ, ಎಲ್ಲಿಗೆ ಹೊಂಟೆ? ಸೊಂಟ ಮರೆತ್ಯೇನೇ?"

"ಸೊಂಟ ಮನೇಲಿ ಬಿಟ್ಟು ಬಂದಿಲ್ಲ, ಜೊತೆಗೇ ಐತೆ. ದಾರಿ ಬಿಡು."

"ದಾರಿ ಬಿಡೋಕೆ ನಂಗೆಲ್ಲೈತವ್ವ ಕಾಲು? ನೀನೇ ಸುತ್ಕೊಂಡು ಹೋಗು."

ನಗು ಕೇಳಿಸಿತು. ಆಮೇಲೆ ಕೋಲು ನೆಲಕ್ಕೆ ತಾಗುವ ಸದ್ದು, ನಿಲ್ಲುವುದು, ಮತ್ತೆ ತಾಗುವುದು. ಅವಳು ಆ ವರ್ಷ ಕೊಟ್ಟಿಗೆಯಾಚೆ ಕಾಲಿಟ್ಟಿದ್ದೇ ಇಲ್ಲ. ನಮ್ಮ ಮನೆಯಿಂದ ಛತ್ರಕ್ಕೆ ಇಡೀ ಮೇಲಿನ ಬೀದಿ ದಾಟಬೇಕು. ನಾನು ಬಾಗಿಲಿಗೆ ಹೋಗಿ ಕೈ ಹಿಡಿಯಬೇಕಿತ್ತು, ಆದರೆ ಕಾಳಗ ನಡೆಯುವಾಗ ದಂಡು ನಡೆಸುವವನು ಹಲಗೆ ಬಿಟ್ಟು ಹೋಗುವ ಹಾಗಿಲ್ಲ. ಮುದ್ದಪ್ಪನೇ ಹೋಗಿ ಮೆಟ್ಟಿಲು ಹತ್ತಿಸಿಕೊಂಡು ಬಂದ.

ಅವ್ವ ಹಲಗೆಯ ತುದಿಗೆ ಬಂದು ನಿಂತಳು. ಹಣೆಯಲ್ಲಿ ಬೆವರು. ಮೊದಲು ತನ್ನ ಸಿಪಾಯಿ ಎಲ್ಲಿದೆ ಅಂತ ಹುಡುಕಿ ನೋಡಿದಳು.

"ಯಾಕ್ಲಾ ತಡ?"

"ಹೊತ್ತು ಬಂದಿಲ್ಲವ್ವ."

"ಇಮಾಂಬಿ, ಹೊತ್ತು ಬಂದಿಲ್ವಾ?"

ಇಮಾಂಬಿ ದಾಳ ನೋಡುತ್ತಾ, "ನಿನ್ನೆ ಸಂಜೇನೇ ಬಂದಿತ್ತು ದೊಡ್ಡಮ್ಮ," ಅಂದಳು.

"ನಿನ್ನ ಹೆಂಡ್ತಿ ಸೊಪ್ಪಿನ ತೋಟದಾಗೆ ಬಿಸಿಲಲ್ಲಿ ಕುಂತವ್ಳಂತೆ. ರಾಚಪ್ಪನ ಹುಳ ನೋಡ್ಕೊಂಡೇ ಬಂದೆ. ತಲೆ ಎತ್ಕೊಂಡು ಸುತ್ತ ಆಡಿಸ್ತಾವೆ, ಸೊಪ್ಪು ಎಲ್ಲಿ ಅಂತ. ಅವನು ಬಾಗಿಲಲ್ಲಿ ಕುಂತು ನೋಡ್ತಾನೆ. ನನ್ನ ನೋಡಿದ್ರೆ ಮುಖ ತಿರುಗಿಸ್ತಾನೆ, ಎಲ್ಲಿ ಬೇಜಾರು ಮಾಡ್ಕೊತೀನೋ ಅಂತ. ನಂಗೆ ಗೊತ್ತಾಗಲ್ವೇನ್ಲಾ?"

"ಕೂತ ಮೇಲೆ ಏಳೋಕಾಗದಿದ್ರೆ?"

"ಆಗದಿದ್ರೆ ಕೂರ್ತೀನಿ."

"ಅವ್ವ, ಈಗ ನಡೆದು ಬಂದ್ಯಲ್ಲ. ಇನ್ನೊಂದು ತಿಂಗಳಿಗೆ ಹೊಲಕ್ಕೂ ಹೋಗ್ತೀಯ. ಆ ಕಾಲು ಕಳಕೊಂಡು..."

"ಹೋದ ವರ್ಷ ನನ್ನ ಪೆಟ್ಟಿಗೇಲಿ ಬಿಟ್ರಿ," ಅಂದಳು ಅವ್ವ. ದನಿ ಎತ್ತರಿಸಲಿಲ್ಲ. "ಊರೆಲ್ಲ ಕೂತೆ ಕೂತೆ ಅಂತ ಕೂಗ್ತಿತ್ತು. ನಾನು ಮಂಚದ ಮ್ಯಾಲೆ ಕಿವಿ ಕೊಟ್ಕೊಂಡು ಮಲಗಿದ್ದೆ. ಸಂಜೆಗೆ ಎಲ್ಲರೂ ಎದ್ದು, ಎಲ್ಲಿ ಕೂತಿದ್ದೆ, ಹೆಂಗೆ ಕೂತೆ ಅಂತ ಮಾತಾಡ್ಕೊಂಡು ಹೋದ್ರು. ನಮ್ಮನೆ ಮುಂದೆ ಬಂದಾಗ ದನಿ ಸಣ್ಣ ಮಾಡ್ಕೊಂಡ್ರು. ನಂಗೆ ಇನ್ನೊಂದು ಸಲ ಅದು ಬ್ಯಾಡ. ಕಳಿಸು."

ಮುದ್ದಪ್ಪ ಅಳತೆಕೋಲನ್ನು ನನ್ನ ಮುಂದೆ ಇಟ್ಟ. ನಾನು ಕರಡಿ ಟೊಪ್ಪಿಯವರ ಸಾಲನ್ನು ಎರಡು ಕೈಯಲ್ಲಿ ಹಿಡಿದು ಮುಂದಕ್ಕೆ ತಳ್ಳಿದೆ. ಒಂದು ಕೋಲು, ಮತ್ತೊಂದು ಕೋಲು. ಗೋಣಿಯ ದಿಬ್ಬ ಹತ್ತುವಾಗ ಸಿಪಾಯಿಗಳು ಹಿಂದಕ್ಕೆ ವಾಲುತ್ತಿದ್ದವು, ಒಂದು ಕೈಯಿಂದ ಆನಿಸಿಕೊಂಡು ಹತ್ತಿಸಿದೆ. ಗೆಲ್ಲಬಹುದು ಅಂತ ಒಂದು ಆಸೆ ಇತ್ತು. ದಿಬ್ಬದ ಮೇಲೆ ಕೆಂಪಿನವರು ಅಷ್ಟೊಂದು ಕಾಣುತ್ತಿರಲಿಲ್ಲ. ಎದುರಿಗೆ ತಲುಪುತ್ತಲೇ ಇಮಾಂಬಿ ದಿಬ್ಬದ ಹಿಂದೆ ಮಲಗಿಸಿಟ್ಟಿದ್ದ ಎರಡು ಸಾಲನ್ನು ಎಬ್ಬಿಸಿ ನಿಲ್ಲಿಸಿದಳು. ಮಲಗಿಸಿದ್ದು, ಬಿದ್ದದ್ದಲ್ಲ. ಅದಕ್ಕೆ ಬೇರೆ ನಿಯಮ. ನನಗೆ ನೆನಪೇ ಇರಲಿಲ್ಲ.

ಇಮಾಂಬಿ ದಾಳ ತೆಗೆದುಕೊಂಡಳು. ಎಸೆಯಲಿಲ್ಲ. ಮುಷ್ಟಿ ಮುಚ್ಚಿಕೊಂಡೇ ಇತ್ತು.

"ಹಾಕೇ ಹುಡುಗಿ," ಅಂದಳು ಅವ್ವ. "ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?"

ಇಮಾಂಬಿ ನಗುವ ಹಾಗೆ ಬಾಯಿ ಮಾಡಿದಳು, ಆದರೆ ನಗಲಿಲ್ಲ. ದಾಳ ಉರುಳಿದವು. ಮುದ್ದಪ್ಪ ಬಗ್ಗಿ ಎಣಿಸಿ, ನನಗೆ ತೋರಿಸಿದ. ಮುಂದಿನ ಸಾಲು ಪೂರ್ತಿ. ತನ್ನವರನ್ನು ತಾನೇ ಕೆಡವಬೇಕು ಅನ್ನುವುದು ಪದ್ಧತಿ. ನಾನು ಒಂದು ತುದಿಯಿಂದ ಶುರುಮಾಡಿದೆ. ಅವನು ಹೆಸರು ಓದುತ್ತಾ ಬಂದ, ಊರಿನ ಮೂಲೆ ಮೂಲೆಗಳಿಂದ ನಡುಗುವ ದನಿಗಳು "ಕೂತೆ" ಅಂದವು. ಆಮೇಲೆ ಅವ್ವನದು. ಆಗಲೇ ಇಮಾಂಬಿ ಬಂದು ಅವಳ ಒಂದು ಕಂಕುಳಿಗೆ ಕೈ ಕೊಟ್ಟಿದ್ದಳು, ಇನ್ನೊಂದು ಕಡೆ ಅಲ್ಲಿದ್ದ ಯಾರೋ ಹಿಡಿದಿದ್ದರು. ಮೆಲ್ಲಗೆ ಇಳಿಸಿದರು. ಆದರೂ ಮಂಡಿ ಮಡಚಿಕೊಂಡಾಗ ಒಳಗೆ ಏನೋ ಲಟಕ್ ಅಂದದ್ದು ನನಗೆ ಕೇಳಿಸಿತು. ಅವ್ವನ ಮುಖ ಒಂದು ಗಳಿಗೆ ಬೂದಿಬಣ್ಣಕ್ಕೆ ತಿರುಗಿತು. ಆಮೇಲೆ ಉಸಿರೆಳೆದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ದ್ಯಾವೀರವ್ವ ಕೂತೆ!"

ಮುದ್ದಪ್ಪ ಕೋಲನ್ನು ಹಲಗೆಗೆ ಬಡಿದ.

ಎತ್ತುವ ಕೆಲಸ ಸೋತವನದು. ಮೊದಲು ಬಿದ್ದವರು ಮೊದಲು. ಅವ್ವನದನ್ನೇ ಮೊದಲು ಎತ್ತಲಾ ಅಂತ ಮುದ್ದಪ್ಪನನ್ನು ಕಣ್ಣಲ್ಲೇ ಕೇಳಿದೆ. ಅವನು ಬೇಡ ಅಂತ ತಲೆಯಾಡಿಸಿದ. ಸರದಿ ತಪ್ಪಿಸಿ ಎತ್ತಿದರೆ ನಡುವಿನವರು ಏಳುವುದಿಲ್ಲ. ತೋಟದ ಮನೆಯ ಹತ್ತಿರ ಬಿದ್ದವರಿಂದ ಶುರುಮಾಡಿದೆ. ಒಂದೊಂದನ್ನು ನಿಲ್ಲಿಸಿದ ಹಾಗೆ ಹೊರಗೆ ಒಬ್ಬೊಬ್ಬರು ಏಳುವ ಸದ್ದು, ಮೈ ಮುರಿಯುವ ಸದ್ದು, ಸೊಂಟ ಹಿಡಿದುಕೊಂಡು ಬೈಯುವ ಸದ್ದು. ರಾಚಪ್ಪನದನ್ನು ನಿಲ್ಲಿಸಿದ ಕೂಡಲೇ ಅವನು ಛತ್ರದ ಮುಂದೆ ಸೊಪ್ಪಿನ ತೋಟದ ಕಡೆ ಓಡಿಹೋಗುವುದು ಕಾಣಿಸಿತು. ಕಾಲು ಜೋಮು ಹಿಡಿದು ಒಂದು ಸಲ ಮುಗ್ಗರಿಸಿದ, ನಿಲ್ಲಲಿಲ್ಲ. ಚಿಕ್ಕತಾಯಿಯದನ್ನು ಎತ್ತಿದ ಸ್ವಲ್ಪ ಹೊತ್ತಿಗೆ ಅವಳು ಸೊಪ್ಪಿನ ಹಸಿರು ಹತ್ತಿದ ಕೈಯಲ್ಲೇ ಬಂದು ಅತ್ತೆಯ ಪಕ್ಕ ಕೂತಳು. ನೆಲದ ಮೇಲೆ ಅವ್ವ ಗೋಡೆಗೆ ಒರಗಿ, ಇಮಾಂಬಿಯ ಜೊತೆ ನೂಲಿನ ಮಾತಾಡುತ್ತಿದ್ದಳು. ನೂಲು ಕಡಿಯುವುದು ನೀರಿನ ದೋಷವೋ ಗೂಡಿನ ದೋಷವೋ ಅಂತ. ಮಾತಿನ ನಡುನಡುವೆ ಹಲಗೆಯ ಕಡೆ ನೋಡುತ್ತಿದ್ದಳು.

ಕೊನೆಯ ಸಾಲಿಗೆ ಬಂದೆ. ಅವ್ವನ ಸಿಪಾಯಿಯನ್ನು ಎತ್ತಿ, ಗೋಣಿಯ ಸುಕ್ಕಿನಲ್ಲಿ ಅಲ್ಲಾಡದ ಹಾಗೆ ಒತ್ತಿ ನಿಲ್ಲಿಸಿದೆ. ಬೇರೆ ಕರಡಿ ಟೊಪ್ಪಿಯವರನ್ನೂ ನಿಲ್ಲಿಸಿ ಮುಗಿಸಿದೆ. ಪಡಸಾಲೆಯಲ್ಲಿದ್ದವರು ತಾಟು ಮಡಚುವ, ಹಲಗೆ ಬಿಚ್ಚುವ ಕೆಲಸ ತೆಗೆದುಕೊಂಡು ಬೆನ್ನು ತಿರುಗಿಸಿದರು.

ಅವ್ವ ಎರಡೂ ಅಂಗೈಯನ್ನು ನೆಲಕ್ಕೆ ಊರಿದಳು. ಚಿಕ್ಕತಾಯಿ ಹಿಡಿಯಹೋದರೆ ಬೇಡ ಅಂದಳು. ತೋಳಿನ ನರ ಎದ್ದು ಬಂದವು. ಸೊಂಟದ ಕೆಳಗೆ ಏನೂ ಅಲುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಳು.

"ಎತ್ತಿದ್ಯಾ?" ಅಂತ ನನ್ನನ್ನು ಕೇಳಿದಳು.

"ಎತ್ತಿದೆ ಅವ್ವ."

"ನೆಟ್ಟಗೆ ನಿಂತೈತಾ?"

ಸಿಪಾಯಿಯನ್ನು ತಂದು ಅವಳ ಮುಂದೆ ನೆಲದ ಮೇಲೆ ಇಟ್ಟೆ. ಅವಳು ತಲೆ ವಾಲಿಸಿ ಆ ಕಡೆಯಿಂದ ಈ ಕಡೆಯಿಂದ ನೋಡಿದಳು.

"ಹೂಂ, ನಿಂತೈತೆ," ಅಂದಳು. ಆಮೇಲೆ, "ಸರಿ, ಕುರ್ಚಿ ತರ್ಸು."

ಕುರ್ಚಿ ಬಂತು. ಆಗತಾನೇ ಎದ್ದಿದ್ದವರೇ ನಾಲ್ಕು ಕಾಲಿಗೆ ಒಬ್ಬೊಬ್ಬರು ಕೈಹಾಕಿ ಹೊತ್ತರು. ಬೀದಿಯಲ್ಲಿ ಯಾರೂ ದನಿ ಸಣ್ಣ ಮಾಡಲಿಲ್ಲ. "ಎಲ್ಲಿ ಕೂತೆ ದ್ಯಾವೀರವ್ವ?" ಅಂತ ಕೇಳಿದರು. "ದಿಬ್ಬದ ನೆತ್ತಿ ಮ್ಯಾಲೆ," ಅಂತ ಅವ್ವ ಹೇಳುತ್ತಾ ಹೋದಳು.

ರಾಚಪ್ಪನ ಬೆಳೆ ಪೂರ್ತಿ ಹೋಗಲಿಲ್ಲ. ಗೂಡು ಸಣ್ಣವಾದವು, ಕೆಲವು ತಟ್ಟೆಯ ಹುಳು ಸುಣ್ಣಕಟ್ಟು ರೋಗಕ್ಕೆ ಬೆಳ್ಳಗೆ ಬಿರುಸಾಗಿ ಸತ್ತವು, ಮಿಕ್ಕದ್ದನ್ನು ಇಮಾಂಬಿಯೇ ಕೊಂಡಳು. ಅವ್ವ ಮತ್ತೆ ನಡೆಯಲಿಲ್ಲ. ವೈದ್ಯರ ಹತ್ತಿರ ಹೋದೆ, ಮೊದಲೇ ಹೇಳಿದ್ದೆನಲ್ಲ ಅಂತ ಅವರು ಬರಲಿಲ್ಲ. ಬೆಳಿಗ್ಗೆ ರಾಚಪ್ಪನೂ ನಾನೂ ಕುರ್ಚಿ ಹೊತ್ತು ಜಗಲಿಗೆ ಇಡುತ್ತೇವೆ, ಬಿಸಿಲು ಏರಿದ ಮೇಲೆ ಒಳಗೆ. ಹೊರುವಾಗ ಅವ್ವ ಸುಮ್ಮನಿರುವುದಿಲ್ಲ. ರಾಚಪ್ಪ ತನ್ನ ಕಡೆಯನ್ನು ತಗ್ಗಿಸುತ್ತಾನೆ ಅಂತ ದಿನಾ ಬೈಗುಳ. "ನೀನು ಹುಳುವಿಗೆ ಸೊಪ್ಪು ಹಾಕಿದ ಹಾಗೆ ನನ್ನ ಒಂದು ಕಡೆ ಸುರೀಬ್ಯಾಡ," ಅನ್ನುತ್ತಾಳೆ. ಅವನು ನಗುತ್ತಾನೆ. ನಾನು ಮೊದಮೊದಲು ಅವಳ ಕಣ್ಣು ತಪ್ಪಿಸುತ್ತಿದ್ದೆ, ಕಳಿಸಬಾರದಿತ್ತೋ, ಮೊದಲ ದಿನವೇ ಕಳಿಸಿಬಿಡಬೇಕಿತ್ತೋ ಗೊತ್ತಾಗದೆ. ಅವಳು ಅದರ ಮಾತೇ ಎತ್ತಲಿಲ್ಲ.

ಮುಂದಿನ ವರ್ಷ ರಾಗಿ ಬಡಿದಾಯಿತು. ಬಣ್ಣ ಹಚ್ಚುವ ದಿನ ಅವ್ವ ಮತ್ತೆ ಪೆಟ್ಟಿಗೆ ತರಿಸಿದಳು. ಮುದ್ದಪ್ಪನೂ ಬಂದ. ಈ ಸಲ ಅವನು ಕುರ್ಚಿಯ ಮುಂದೆ ಕೈಕಟ್ಟಿ ನಿಂತು, "ಅವ್ವ, ಈಗ ನಾನು ಹೆಂಗೆ ಒಪ್ಪಲಿ? ಹಾಸಿಗೆ ಹಿಡಿದೋರು ಪೆಟ್ಟಿಗೇಲಿ ಅಂತ ಐತೆ," ಅಂದ.

"ನಾನು ಹಿಡಿದಿರೋದು ಕುರ್ಚಿ, ಹಾಸಿಗೆ ಅಲ್ಲ. ಬೆಳಿಗ್ಗೆಯೆಲ್ಲ ಜಗಲೀಲಿ ಇರ್ತೀನಿ, ಯಾರನ್ನಾದ್ರೂ ಕೇಳು."

"ಸರಿ, ಕರಡಿ ಟೊಪ್ಪಿಯೋರ ಹಿಂದಿನ ಸಾಲಿನಾಗೆ..."

"ಅಲ್ಲ ಕಣಪ್ಪ, ಎಲ್ಲರಿಗಿಂತ ಮುಂದೆ. ಬೆಳಿಗ್ಗೆನೇ. ನನ್ನ ಥರ ಏಳದೆ ಕುಂತಿರೋರು ಎರಡು ಬೀದೀಲೂ ಕಾಲುವೆಯಾಚೇನೂ ಅವ್ರೆ, ಅವರ್ದೆಲ್ಲ ಪೆಟ್ಟಿಗೆಯಿಂದ ತೆಗಿ. ನೀಲಿಯೋರ್ದು ನೀಲಿ ಮುಂದೆ, ಕೆಂಪಿನೋರ್ದು ಕೆಂಪಿನೋರ ಮುಂದೆ ನಿಲ್ಸು. ಕೂತಿರೋರ್ನ ಇನ್ನೇನು ಕೂರಿಸ್ತೀರಿ? ಮೊದಲ ಗುಂಡೆಲ್ಲ ನಮಗೆ ಬೀಳ್ಲಿ. ಕಾಲಿರೋ ಮಕ್ಕಳು ಹಿಂದಿರ್ಲಿ, ಸೊಪ್ಪು ಗಿಪ್ಪು ಕೊಯ್ಕೊಂಡು."

ಮುದ್ದಪ್ಪ ಅಳತೆಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಆದ್ರೆ ಅವ್ವ, ಆ ಕಾಳಗದಲ್ಲಿ ಹಂಗೆ ನಡೀಲಿಲ್ವಲ್ಲ," ಅಂದ. "ಆ ದೊರೆ ಕರಡಿ ಟೊಪ್ಪಿಯೋರ್ನ ಕೊನೇ ತನಕ ಹಿಂದೆ ಇಟ್ಕೊಂಡಿದ್ದ."

"ಅವನು ಬಂದು ನನ್ನ ಕೇಳಿದ್ನಾ?" ಅಂದಳು ಅವ್ವ. ಸಿಪಾಯಿಯ ಟೊಪ್ಪಿಗೆ ಇನ್ನೊಂದು ಸುತ್ತು ಬಣ್ಣ ಹಚ್ಚಿ, ಒಣಗಲೆಂದು ಊದಿ, ಮುದ್ದಪ್ಪನ ಅಂಗೈಯಲ್ಲಿಟ್ಟಳು.